ಗುಂಡಿ ಅಕ್ಕನ ಕೈಗುಣ

ಆ ಬೀದಿಯವರಿಗೆ ಅವಳ ಕೆಲಸ ಏನೆಂಬುದು ಕೊನೆಯವರೆಗೂ ಸರಿಯಾಗಿ ಗೊತ್ತಾಗಲಿಲ್ಲ. ಬಾಡಿಗೆಗೆ ಬಂದ ಹೊಸದರಲ್ಲಿ ಯಾರೋ ಕೇಳಿದ್ದಕ್ಕೆ "ಗುಂಡಿ ಮಾಡ್ತೀನಿ" ಅಂದುಬಿಟ್ಟಿದ್ದಳು. ಅಷ್ಟೇ ಸಾಕಾಯಿತು. ಎದುರುಮನೆಯಾಕೆ ಇವಳು ಪೈಪು ಹಾಕಲು ರಸ್ತೆ ಅಗೆಸುವ ಇಲಾಖೆಯವಳು ಎಂದುಕೊಂಡು, "ತೋಡಿದ್ದು ಸಾಕು, ನಮ್ಮ ಬಾಗಿಲ ಮುಂದಿಂದು ಮುಚ್ಚಿಸಿ" ಎಂದು ವರ್ಷಗಟ್ಟಲೆ ಬೆನ್ನು ಹತ್ತಿದಳು. ಮಹಡಿಯ ಟೈಲರ್ ಅಂಗಿ ಗುಂಡಿಯ ಕಾರ್ಖಾನೆ ಎಂದುಕೊಂಡ.

"ಅಕ್ಕಾ, ಕೋಟಿಗೆ ಹಾಕೋ ಕರಿ ಗುಂಡಿ, ನಾಲ್ಕು ತೂತಿಂದು, ಒಂದು ಡಜನ್ ತಂದ್ಕೊಡಿ."

"ನಮ್ಮ ಗುಂಡಿಗೆ ತೂತು ಬಿದ್ರೆ ನಿನ್ನ ಕೋಟಿಗೆ ಬೆಂಕಿ ಬೀಳತ್ತೆ, ಸುಮ್ನಿರಪ್ಪ."

ಅಂತೂ ಹೆಸರು ಅಂಟಿಕೊಂಡಿತು: ಗುಂಡಿ ಅಕ್ಕ.

ಇನ್ನೊಂದು ಮಾತೂ ಬೀದಿಯಲ್ಲಿ ಓಡಾಡುತ್ತಿತ್ತು. ಅವಳ ಕೈಗುಣ ದೊಡ್ಡದು ಅಂತ. ಒಣಗಿದ ಗುಲಾಬಿ ಕಡ್ಡಿಯನ್ನು ಅವಳು ನೆಟ್ಟರೆ ಚಿಗುರುತ್ತದೆ, ಮುನಿಸಿಕೊಂಡ ಹೊಲಿಗೆ ಯಂತ್ರ ಅವಳು ಮುಟ್ಟಿದರೆ ಓಡುತ್ತದೆ. ಅವಳು ಬೇಡವೆನ್ನಲಿಲ್ಲ. ಹೊಗಳಿಕೆಯನ್ನು ಯಾರು ತಾನೇ ಬಾಗಿಲಿಂದ ಆಚೆ ಅಟ್ಟುತ್ತಾರೆ?

ನಿಜದಲ್ಲಿ ಅವಳು ಬ್ಯಾಟರಿ ಸಂಶೋಧನೆಯ ಪ್ರಯೋಗಾಲಯವೊಂದರಲ್ಲಿ ಸೆಲ್ ಜೋಡಿಸುವವಳು. ಅಂಗಿ ಗುಂಡಿಯಷ್ಟೇ ಗಾತ್ರದ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಲಿಥಿಯಂ ಸೆಲ್. ಓದಿದವರು ಹೊಸ ಹೊಸ ಪುಡಿ ಅರೆದು, ಹಾಳೆಗೆ ಬಳಿದು ತಂದು ಕೊಡುತ್ತಿದ್ದರು. ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯಬೇಕಾದರೆ ಸೆಲ್ ಆಗಬೇಕು, ಸೆಲ್ ಆಗಬೇಕಾದರೆ ಗುಂಡಿ ಅಕ್ಕನ ಕೈ ಬೇಕು. ಲಿಥಿಯಂ ಹಾಳೆ ಬೆಳ್ಳಿಯಂತೆ ಹೊಳೆಯುತ್ತದೆ, ತೇವದ ಗಾಳಿ ಸೋಕಿತೋ ಮುಖ ಕಪ್ಪಿಡುತ್ತದೆ. ಅದಕ್ಕೇ ಗಾಳಿಯೇ ಇಲ್ಲದೆ ಬರೀ ಆರ್ಗಾನ್ ಅನಿಲ ತುಂಬಿದ ಗಾಜಿನ ಪೆಟ್ಟಿಗೆ. ಪೆಟ್ಟಿಗೆಯ ಎದೆಗೆ ಎರಡು ದಪ್ಪ ರಬ್ಬರ್ ಕೈಗವಸು. ಹೊರಗೆ ನಿಂತು ಅದರೊಳಗೆ ತೋಳು ತೂರಿಸಿ, ಚಿಮಟದಲ್ಲಿ ಹಾಳೆಯ ಮೇಲೆ ಹಾಳೆ ಇಟ್ಟು, ನಾಲ್ಕು ಹನಿ ದ್ರಾವಣ ಬಿಟ್ಟು, ಮುಚ್ಚಳ ಒತ್ತಬೇಕು. ಇಪ್ಪತ್ತೇಳು ವರ್ಷ ಹೀಗೆ ನಿಂತು ಅವಳ ಭುಜಗಳು ಇಳಿದುಹೋಗಿದ್ದವು. ಮನೆಗೆ ಬಂದರೆ ತಲೆ ಬಾಚಲೂ ತೋಳು ಮೇಲೇಳುತ್ತಿರಲಿಲ್ಲ.

ಒತ್ತಿದ ಸೆಲ್ಲನ್ನು ಕೂಡಲೇ ಚಾರ್ಜಿಗೆ ಹಚ್ಚುವಂತಿಲ್ಲ. ದ್ರಾವಣ ಒಳಗೆಲ್ಲ ಹೀರಿಕೊಳ್ಳಲು ಹನ್ನೆರಡು ಗಂಟೆ ಸುಮ್ಮನೆ ಬಿಡಬೇಕು. ಅದಕ್ಕೆ ಅಲ್ಲಿ 'ವಿಶ್ರಾಂತಿ' ಎನ್ನುತ್ತಿದ್ದರು. ದಾಖಲೆ ಪುಸ್ತಕದಲ್ಲಿ ಆ ಸಾಲಿನ ಮುಂದೆ ಅವಳು ಬರೆಯುತ್ತಿದ್ದುದು ಒಂದೇ ಪದ: ಎಂದಿನಂತೆ. ಸಾವಿರಾರು ಸಲ ಬರೆದು ಆ ಪದ ಅವಳ ರುಜುವಿನ ಹಾಗೇ ಆಗಿಹೋಗಿತ್ತು.

ಇಂಥ ಗುಂಡಿಗಳು ಒಂದು ವರ್ಷ ಬದುಕಿದರೆ ಹೆಚ್ಚು. ಆದರೆ ನಾಲ್ಕು ವರ್ಷದ ಹಿಂದೆ ಅವಳು ಜೋಡಿಸಿದ ಒಂದು ಸೆಲ್ ಪರೀಕ್ಷಾ ಯಂತ್ರದ ಹದಿನೇಳನೇ ಜಾಗದಲ್ಲಿ ಇನ್ನೂ ಓಡುತ್ತಿತ್ತು. ದಿನಕ್ಕೆರಡು ಸಲ ತುಂಬುವುದು, ಎರಡು ಸಲ ಬರಿದಾಗುವುದು. ಎಲ್ಲರೂ ಅದಕ್ಕೆ 'ಅಜ್ಜಿ' ಎಂದು ಹೆಸರಿಟ್ಟಿದ್ದರು. ಬೆಳಿಗ್ಗೆ ಬಂದವರು ಮೊದಲು "ಅಜ್ಜಿ ಹೇಗಿದಾಳೆ?" ಅನ್ನುವರು. "ಸೊಸೆಯಂದಿರನ್ನೆಲ್ಲ ಕಳಿಸಿ ತಾನು ಗಟ್ಟಿಯಾಗಿದಾಳೆ" ಎಂದು ಇನ್ನೊಬ್ಬರು ನಗುವರು.

ನಗದವಳು ಒಬ್ಬಳೇ, ಆ ಅಜ್ಜಿಯ ಮೇಲೆ ಪ್ರಬಂಧ ಬರೆಯಬೇಕಾಗಿದ್ದ ಸಂಶೋಧಕಿ ಹುಡುಗಿ. ಅದೇ ಪುಡಿ, ಅದೇ ದ್ರಾವಣ. ಪುಸ್ತಕದಲ್ಲಿದ್ದದ್ದನ್ನು ಅಕ್ಷರ ಬಿಡದೆ ಅನುಸರಿಸಿ ಮೂವತ್ತೆಂಟು ಸಲ ಜೋಡಿಸಿದ್ದಳು. ಮೂರು ತಿಂಗಳಿಗೇ ಎಲ್ಲವೂ ಬಳಲಿ ಕೂತವು. ಗುಂಡಿ ಅಕ್ಕನ ನಿವೃತ್ತಿಗೆ ಎರಡು ವಾರ ಉಳಿದಾಗ ಹುಡುಗಿ ಬಂದು ಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲೆ ಕುಸಿದಳು.

"ಅಕ್ಕಾ, ನಾನು ಬಿಟ್ಬಿಡ್ತೀನಿ."

"ಏನನ್ನ?"

"ಎಲ್ಲಾನೂ. ಸರ್ ಅಂದ್ರು, ಅದು ಅಕ್ಕನ ಕೈಗುಣ ಅಂತ. ಕೈಗುಣಾನ ಪ್ರಬಂಧದಲ್ಲಿ ಹೇಗೆ ಬರೀಲಿ? ನನ್ನ ಕೈಯೇ ಸರಿಯಿಲ್ಲ ಅಷ್ಟೇ."

ಗುಂಡಿ ಅಕ್ಕ ರಬ್ಬರ್ ಕೈಗವಸಿನಿಂದ ತೋಳು ಎಳೆದುಕೊಳ್ಳಲಿಲ್ಲ. ಹುಡುಗಿಯ ಕಡೆ ತಿರುಗಲೂ ಇಲ್ಲ.

ಏಕೆಂದರೆ ಅವಳಿಗೆ ಗೊತ್ತಿತ್ತು. ನಾಲ್ಕು ವರ್ಷದಿಂದ ಗೊತ್ತಿತ್ತು.

ಅಂದು ನಾಲ್ಕು ಸೆಲ್ ಒತ್ತಿ ತಟ್ಟೆಗೆ ಜೋಡಿಸಿದ್ದಳು. ಅಷ್ಟರಲ್ಲಿ ಗಂಡ ಕೆಲಸದ ಜಾಗದಲ್ಲಿ ಕುಸಿದುಬಿದ್ದನೆಂದು ಫೋನು. ಮೂರು ದಿನ ಆಸ್ಪತ್ರೆಯ ಬೆಂಚು. ನಾಲ್ಕನೆಯ ದಿನ ಅವನು ಕಣ್ಣು ಬಿಟ್ಟ. ನಾದಿನಿ ಬಂದು, "ಅತ್ತಿಗೆ, ನಾನಿದೀನಿ, ನೀವು ಒಂದು ಗಳಿಗೆ ಮಲಗಿ" ಅಂದಳು. ಇವಳು ಮಲಗಲಿಲ್ಲ, ಪ್ರಯೋಗಾಲಯಕ್ಕೆ ಓಡಿದಳು. ತಟ್ಟೆ ಬಿಟ್ಟಲ್ಲೇ ಇತ್ತು. ಹನ್ನೆರಡು ಗಂಟೆ ಮೀರಿದ್ದರಿಂದ ನಿಯಮದಂತೆ ಆ ಸೆಲ್‌ಗಳನ್ನು ಬಿಸಾಡಬೇಕು. ಬಿಸಾಡಿದರೆ ಯಾಕೆಂದು ಬರೆಯಬೇಕು, ಬರೆದರೆ ಗಂಡನ ಸುದ್ದಿ ಹೇಳಬೇಕು, ಹೇಳಿದರೆ ಅಳು ಬರುತ್ತದೆ. ಅಳುವಷ್ಟೂ ತ್ರಾಣ ಉಳಿದಿರಲಿಲ್ಲ. ಜೋಡಿಸಿದ ತಾರೀಖನ್ನು ಹಿಂದಿನ ದಿನದ್ದು ಎಂದು ಬರೆದಳು, ಅದನ್ನು ಅವಳ ಹಾಜರಿಯೊಂದಿಗೆ ತಾಳೆ ನೋಡುವವರು ಯಾರೂ ಇರಲಿಲ್ಲ. ವಿಶ್ರಾಂತಿ: ಎಂದಿನಂತೆ. ನಾಲ್ಕನ್ನೂ ಯಂತ್ರಕ್ಕೆ ಹಚ್ಚಿದಳು. ಮುಂದೆ ಮೂರನ್ನು ಒಳಗೆ ಏನಾಗಿದೆಯೆಂದು ನೋಡಲು ಬಿಚ್ಚಿದರು, ಉಳಿದದ್ದು ಅಜ್ಜಿಯಾಯಿತು.

ಗಂಡ ಎರಡು ವರ್ಷ ಹಾಸಿಗೆಯಲ್ಲಿದ್ದು ಹೋದ. ಅಜ್ಜಿ ಓಡುತ್ತಲೇ ಇದ್ದಳು. ಹೊಗಳಿಕೆ ಬೆಳೆಯಿತು. ಒಂದು ಸುಳ್ಳು ತಾರೀಖು ಹೊರಬಿದ್ದರೆ ಇಪ್ಪತ್ತೇಳು ವರ್ಷದ ಪುಸ್ತಕಗಳನ್ನು ಯಾರು ನಂಬುತ್ತಾರೆ? ಉಗುಳಲಾರದ, ನುಂಗಲಾರದ ಬಿಸಿ ತುತ್ತಾಗಿತ್ತು ಅದು.

ಹುಡುಗಿ ಮೂಗೊರೆಸಿಕೊಂಡು ಎದ್ದಳು. ಬಾಗಿಲವರೆಗೆ ಹೋದಳು.

"ನಿಲ್ಲೇ," ಅಂದಳು ಗುಂಡಿ ಅಕ್ಕ. "ಕೈಗುಣವೂ ಇಲ್ಲ, ಕಾಲ್ಗುಣವೂ ಇಲ್ಲ. ಅದು ಮೂರು ದಿನ ಮಲಗಿತ್ತು."

"ಯಾವುದು?"

"ನಿನ್ನ ಅಜ್ಜಿ. ಹನ್ನೆರಡು ಗಂಟೆ ಅಲ್ಲ, ಮೂರು ಹಗಲು ಮೂರು ರಾತ್ರಿ ತಟ್ಟೇಲಿತ್ತು. ನಾನು ಸುಳ್ಳು ಬರೆದೆ. ನನ್ನ 'ಎಂದಿನಂತೆ'ನ ನಂಬಿ ನೀನು ಮೂವತ್ತೆಂಟು ಸಲ ಕೆಟ್ಟೆ."

ಹುಡುಗಿ ನಿಂತಲ್ಲೇ ನಿಂತಳು. "ಎರಡು ವರ್ಷ, ಅಕ್ಕಾ. ನನ್ನ ಎರಡು ವರ್ಷ," ಅಂದು, ಬಾಗಿಲು ದಾಟಿ ಹೋದಳು. ಬೈದಿದ್ದರೆ ಹಗುರಾಗುತ್ತಿತ್ತು.

ಹಿರಿಯ ವಿಜ್ಞಾನಿ, ಎಲ್ಲರೂ ಸರ್ ಅನ್ನುವವರು, ಅವಳೇ ಹೋಗಿ ಹೇಳಿದ್ದನ್ನು ಕೇಳಿಸಿಕೊಂಡು ದಾಖಲೆ ಪುಸ್ತಕ ತೆರೆದರು.

"ಇನ್ನೆಷ್ಟು ಕಡೆ ಹೀಗೆ ಬರೆದಿದೀರಿ?"

"ಇದೊಂದೇ ಸರ್."

"ನಾನು ನಂಬ್ತೀನಿ. ಪುಸ್ತಕ ಓದೋರು ನಂಬಬೇಕಲ್ಲ. ಎಲ್ಲಾನೂ ತಿರುಗಿ ನೋಡಿಸಬೇಕಾಗತ್ತೆ. ನಿಮ್ಮ ಹೆಸರು ಬರತ್ತೆ."

"ಬರಲಿ ಸರ್. ಇದನ್ನ ಹೊತ್ತು ಸುಸ್ತಾಗಿದೆ."

ಅವಳೇ ಕೆಂಪು ಶಾಯಿಯಲ್ಲಿ ಆ ಸಾಲನ್ನು ಹೊಡೆದು, ನಿಜವಾದ ತಾರೀಖು ಬರೆದು, ಕೆಳಗೆ ರುಜು ಹಾಕಿದಳು. ಆ ಎರಡು ವಾರ ಪ್ರಯೋಗಾಲಯದಲ್ಲಿ ಯಾರೂ ಅಜ್ಜಿಯ ಯೋಗಕ್ಷೇಮ ಕೇಳಲಿಲ್ಲ, ಕನಿಷ್ಠ ಅವಳ ಎದುರಿಗೆ. ಚಹಾದ ಹೊತ್ತಿಗೆ ಅವಳ ಲೋಟ ಅವಳೇ ತಂದುಕೊಂಡಳು. ಕೆಲಸ ಮುಗಿಯಲು ಮೂರು ದಿನ ಇದ್ದಾಗ ಹುಡುಗಿ ಹೊಸದಾಗಿ ಬಳಿದ ಹಾಳೆಗಳನ್ನು ತಂದಿಟ್ಟಳು. ಮುಖ ಇನ್ನೂ ಬಿಗಿದೇ ಇತ್ತು.

"ನಾಲ್ಕು ಒತ್ತೋಣ. ನಾನು ಒತ್ತೀನಿ, ನೀವು ನೋಡಿ."

ಅಕ್ಕ ನೋಡಿದಳು. ಹುಡುಗಿಯ ಕೈಯಲ್ಲಿ ಯಾವ ದೋಷವೂ ಇರಲಿಲ್ಲ. ನಾಲ್ಕನ್ನೂ ತಟ್ಟೆಯಲ್ಲಿ ಮಲಗಿಸಿ, ಗಂಟೆ ಸಮೇತ ಬರೆದಿಟ್ಟರು.

ಕೊನೆಯ ದಿನ ಬೆಳಿಗ್ಗೆ ಮನೆ ಖಾಲಿಯಾಗಿತ್ತು. ಗಂಡ ಹೋದ ಮೇಲೆ ಬಾ ಬಾ ಎಂದು ಕರೆಯುತ್ತಲೇ ಇದ್ದ ನಾದಿನಿಯ ಊರಿಗೆ ಸಾಮಾನು ಹಿಂದಿನ ದಿನವೇ ಹೋಗಿತ್ತು. ಗೋಡೆಯಲ್ಲಿ ಕ್ಯಾಲೆಂಡರಿನ ಮೊಳೆ, ಮೂಲೆಯಲ್ಲಿ ಗಂಡನ ಮಂಚದ ಕಾಲು ಒತ್ತಿದ ನಾಲ್ಕು ಕುಳಿ. ಒಂದು ಕೈಚೀಲ ಹೆಗಲಿಗೇರಿಸಲು ಎರಡು ಸಲ ಪ್ರಯತ್ನಿಸಬೇಕಾಯಿತು. ಬೀಗ ಹಾಕಿ, ಕೀಲಿಯನ್ನು ಮಹಡಿ ಮೆಟ್ಟಿಲ ಮೇಲೆ ಕೂತಿದ್ದ ಟೈಲರನ ಕೈಗಿಟ್ಟಳು.

"ಇಷ್ಟು ಬೇಗ ಎಲ್ಲಿಗೆ ಅಕ್ಕಾ? ಬಸ್ಸು ಸಾಯಂಕಾಲ ಅಂದಿದ್ರಿ."

"ನಾಲ್ಕು ಗುಂಡಿ ಎಬ್ಬಿಸ್ಬೇಕಪ್ಪ. ಮೂರು ದಿನದಿಂದ ಮಲಗಿವೆ."

"ಅವು ಎದ್ದು ಏನು ಮಾಡ್ತವೆ?"

"ಯಾರಿಗ್ಗೊತ್ತು. ತಿಳಿಯೋಕೆ ವರ್ಷ ಬೇಕು. ಅಲ್ಲೊಬ್ಬಳು ಹುಡುಗಿ ಇದಾಳೆ, ಅವಳು ಕಾಯ್ತಾಳೆ."

"ನೀವು?"

"ನಾನು ಮಲಗ್ತೀನಿ."

ಟೈಲರ್ ನಕ್ಕ. ಅವಳು ನಗಲಿಲ್ಲ. ಎದುರುಮನೆಯ ಮುಂದಿನ, ಯಾರೂ ಮುಚ್ಚಿಸದ ಹಳ್ಳವನ್ನು ಬಳಸಿಕೊಂಡು, ಚೀಲವನ್ನು ಇನ್ನೊಂದು ಭುಜಕ್ಕೆ ಬದಲಾಯಿಸಿ, ಪ್ರಯೋಗಾಲಯದ ಕಡೆ ನಡೆದಳು.