‘ಆಮ್ಲ’ದ ಕೆಳಗಿನ ಒತ್ತು

ಪರದೆಯ ಮೇಲೆ ‘ಆಮ್ಲ’ ಎಂಬ ಪದದ ಕೆಳಗಿನ ಲಕಾರದ ಒತ್ತು ಎರಡು ಚುಕ್ಕೆಗಳಷ್ಟು ಮಾತ್ರ ಎತ್ತರವಿತ್ತು. ಅದು ಅಕ್ಷರವಲ್ಲ, ಬರಿಯ ಬೂದು ಕಲೆ. ಮೂರು ವಾರಗಳ ಹಿಂದೆ ಆ ಪಾಠವನ್ನು ನೋಡಿ ‘ಸರಿ’ ಎಂದು ಗುರುತು ಹಾಕಿದವಳು ನಾನೇ.

ಮೈಸೂರಿನಿಂದ ಹೈದರಾಬಾದಿಗೆ ಬಂದು ಎಂಟು ತಿಂಗಳಾಯಿತು. ನಾಚಾರಂನ ಒಂದು ಸಣ್ಣ ಕಚೇರಿಯಲ್ಲಿ ಶಾಲಾ ಮಕ್ಕಳ ವಿಡಿಯೊ ಪಾಠಗಳ ಗುಣಮಟ್ಟ ಪರೀಕ್ಷಿಸುವುದು ನನ್ನ ಕೆಲಸ. ಒಂದೇ ಪಾಠವನ್ನು ಐದು ದರ್ಜೆಗಳಲ್ಲಿ ಮಾಡಿಡುತ್ತೇವೆ. ನೆಟ್‌ವರ್ಕ್ ಚೆನ್ನಾಗಿದ್ದರೆ ಮೇಲಿನ ದರ್ಜೆ ಬರುತ್ತದೆ. ಕುಸಿದರೆ, ಪಾಠ ನಿಲ್ಲದಿರಲೆಂದು ಪ್ಲೇಯರ್ ತಾನಾಗಿಯೇ ಕೆಳಗಿನದಕ್ಕೆ ಇಳಿಯುತ್ತದೆ. ಐದನೆಯ, ಎಲ್ಲಕ್ಕಿಂತ ಮಸುಕಾದ ದರ್ಜೆ ನನ್ನ ಪಾಲಿನದು. ದಿನವಿಡೀ ಅದನ್ನು ನೋಡಿ ಸಂಜೆ ಬಸ್ಸು ಹತ್ತಿದರೆ ಅಂಗಡಿಗಳ ತೆಲುಗು ಫಲಕಗಳೂ ಅದೇ ದರ್ಜೆಯವು ಅನ್ನಿಸುತ್ತವೆ. ಅಕ್ಷರ ನಮ್ಮದರಂತೆಯೇ, ತಲೆಕಟ್ಟು ಮಾತ್ರ ಬೇರೆ. ಓದಲು ಬರುತ್ತದೆ, ಅರ್ಥವಾಗುವುದಿಲ್ಲ. ಮೆಸ್ಸಿನಲ್ಲಿ ‘ಪಪ್ಪು’ ಎಂದರೆ ಗಟ್ಟಿ ಬೇಳೆ, ನಮ್ಮ ಸಾರಿಗೆ ‘ಚಾರು’ ಎಂದು ಕೇಳಬೇಕು ಎಂದು ತಿಳಿಯುವುದಕ್ಕೇ ಒಂದು ವಾರ ಹಿಡಿಯಿತು. ಕೇಳಲು ಸಂಕೋಚ, ಅಲ್ಲಿಯತನಕ ಮೊಸರನ್ನವನ್ನೇ ತಿಂದೆ.

ಕುಷಾಯಿಗೂಡದಲ್ಲಿ ನನ್ನ ಕೋಣೆಯ ಪಕ್ಕದಲ್ಲೊಂದು ಕಟ್ಟಡ ಏಳುತ್ತಿದೆ. ಅಲ್ಲಿ ಗೋಡೆಗಳಿಗೆ ನೀರು ಹೊಡೆಯುವ ಮಾಳವ್ವ ಯಾದಗಿರಿ ಕಡೆಯವರು. ಈ ಊರಿನಲ್ಲಿ ನನ್ನೊಡನೆ ಕನ್ನಡ ಮಾತಾಡುವವರು ಅವರೊಬ್ಬರೇ. ಆದರೆ ಅವರ ಕನ್ನಡವೂ ಮೊದಮೊದಲು ನನಗೆ ಅರ್ಧ ಮಾತ್ರ ತಿಳಿಯುತ್ತಿತ್ತು. “ನೀರು ಬಂದಿದೆಯಾ?” ಎಂದು ಕೇಳಿದರೆ ನಗುತ್ತಿದ್ದರು. “ಬಂದೈತಿ ಅನ್ರಿ ಅಕ್ಕಾರ. ನಿಮ್ದು ಪುಸ್ತಕದ ಕನ್ನಡ ಐತಿ ನೋಡ್ರಿ.”

ಹೋದ ವಾರ ಅವರು ನಗಲಿಲ್ಲ. ಫೋನು ಹಿಡಿದುಕೊಂಡು ಬಂದು, “ಒಂದೀಟು ಇದನ್ನ ಓದ್ರಿ,” ಎಂದರು.

ಅವರ ಮಗಳು ರೇಣುಕಾ ಊರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಹತ್ತನೆಯ ತರಗತಿ ಓದುತ್ತಾಳೆ. ಅವಳಿಗೆ ಚಿಕ್ಕಂದಿನಿಂದ ಕಿವಿ ಮಂದ, ಪಾಠವೆಲ್ಲ ಕಣ್ಣಿನಿಂದಲೇ. ಫೋನಿನಲ್ಲಿದ್ದದ್ದು ಅವಳ ಉತ್ತರಪತ್ರಿಕೆಯ ಫೋಟೊ. ‘ನಿಂಬೆಹಣ್ಣಿನಲ್ಲಿ ಸಿಟ್ರಿಕ್ ಆಮ ಇರುತ್ತದೆ.’ ಪಕ್ಕದಲ್ಲಿ ಕೆಂಪು ಶಾಯಿಯ ಪ್ರಶ್ನಾರ್ಥಕ ಚಿಹ್ನೆ.

“ಹಿಂದಿಯಾಗ ಆಮ್ ಅಂದ್ರ ಮಾವಿನಹಣ್ಣಲ್ಲೇನ್ರಿ? ಇಲ್ಲಿ ಬಂಡಿಯವ್ರು ಹಂಗಽ ಕೂಗ್ತಾರ. ನಿಂಬಿಯೊಳಗ ಮಾವು ಹ್ಯಾಂಗ ಹೊಕ್ತು ಅಂತ ಹುಡುಗೂರೆಲ್ಲ ಬಿದ್ದು ಬಿದ್ದು ನಕ್ಕಾರಂತ.”

“ಪುಸ್ತಕದಲ್ಲಿ ಸರಿಯಾಗಿ ಇರುತ್ತದಲ್ಲ?”

“ಪುಸ್ತಕದಾಗ ಬ್ಯಾರೆ ಐತಂತ. ಆದ್ರ ವಿಡಿಯೊ ಹೈದರಾಬಾದಿನಾಗ ಮಾಡಿದ್ದು, ತಪ್ಪಿರಂಗಿಲ್ಲ ಅಂದ್ಲು.” ಮಾಳವ್ವ ಸೆರಗಿನಿಂದ ಫೋನಿನ ಧೂಳು ಒರೆಸಿದರು. “ಈಗ ಶಾಲಿ ಸಾಕು ಅಂತಾಳ. ನಿನ್ನ ಕೂಡ ಇಟ್ಟಂಗಿ ಹೊರಾಕ ಬರ್ತೀನಿ ಅಂತಾಳ.”

ಆ ವಿಡಿಯೊ ಎಲ್ಲಿಯದೆಂದು ಕೇಳಬೇಕಾಗಿರಲಿಲ್ಲ. ಮೂಲೆಯಲ್ಲಿ ನಮ್ಮ ಕಚೇರಿಯ ಗುರುತಿರುವ ಪಾಠವನ್ನೇ ಅವರು ತೆರೆದು ತೋರಿಸಿದರು. ಅದು ನಮ್ಮಲ್ಲಿ ತಯಾರಾದದ್ದು ಎಂದು ಹೇಳಿದೆ. ಅವರು ಫೋನು ಕೆಳಗಿಳಿಸಿದರು. “ಹಂಗಾರ ನೀವು ಆ ಕಡೇವ್ರೋ, ನಮ್ಮ ಕಡೇವ್ರೋ?”

ಪಾಠದ ಸಂಖ್ಯೆಯನ್ನು ಬರೆದುಕೊಂಡೆ.

ಮರುದಿನ ಐದನೆಯ ದರ್ಜೆಯನ್ನು ಮತ್ತೆ ನೋಡಿದೆ. ನನಗೆ ಪದ ಗೊತ್ತಿತ್ತು. ಆದ್ದರಿಂದ ಇಲ್ಲದ ಒತ್ತನ್ನೂ ಓದಿದ್ದೆ. ಗೊತ್ತಿಲ್ಲದವಳು ಇದ್ದುದನ್ನು ಇದ್ದ ಹಾಗೆ ಓದಿದ್ದಳು.

ನಮ್ಮ ತಂಡದ ಮುಖ್ಯಸ್ಥೆ ಸ್ರವಂತಿ ತೆಲುಗಿನವರು. ನಾವು ಇಂಗ್ಲಿಷಿನಲ್ಲೇ ಮಾತಾಡುವುದು. ಇಂಗ್ಲಿಷ್ ಅಕ್ಷರಗಳು ಕೆಳಗಿನ ದರ್ಜೆಯಲ್ಲೂ ಓದಲು ಬರುತ್ತವೆ. ಹಾಗಾಗಿ ನಾನು ಹೇಳಿದ್ದು ಅವರಿಗೆ ದೊಡ್ಡ ದೋಷ ಅನ್ನಿಸಲಿಲ್ಲ. ಎರಡು ಸಲ ವಿವರಿಸಿ ಸೋತು, ಬಸ್ಸಿನಲ್ಲಿ ಕಲಿತಷ್ಟು ತೆಲುಗಿನಲ್ಲಿ ಹೇಳಿದೆ: “ಒತ್ತು ಕನಬಡಟಂ ಲೇದು.” ಒತ್ತು ಕಾಣಿಸುತ್ತಿಲ್ಲ.

ಅವರು ಪರದೆಯತ್ತ ಬಾಗಿದರು. “ಅಯ್ಯೋ, ಅಯಿತೇ ‘ಅಮ್ಮ’ ಕೂಡಾ ‘ಅಮ’ ಅಯಿಪೋತುಂದಿ ಗದಾ!” ಹಾಗಾದರೆ ಅಮ್ಮನೂ ಅಮ ಆಗಿಬಿಡುತ್ತಾಳಲ್ಲ! ಇಡೀ ತಂಡ ತಿರುಗಿ ನೋಡಿತು.

ನಾನು ಕೇಳಿದ್ದು ಇಷ್ಟೇ: ನೆಟ್‌ವರ್ಕ್ ಕುಸಿದಾಗ ಪಾಠ ಮಾಡುವವರ ಕೈ ತಡೆತಡೆದು ಚಲಿಸಲಿ, ಹಲಗೆಯ ಅಕ್ಷರ ಮಾತ್ರ ಸ್ಪಷ್ಟವಾಗಿರಲಿ. ಸ್ರವಂತಿ ಆಮ್ಲದ ಈ ಒಂದು ಪಾಠಕ್ಕೆ ಮಾತ್ರ ಒಪ್ಪಿದರು. ತಡೆದು ಓಡುತ್ತಿದೆ ಎಂದು ದೂರು ಬಂದರೆ ತೆಗೆದುಹಾಕುವುದಾಗಿಯೂ ಹೇಳಿದರು. ಉಳಿದ ಪಾಠಗಳು ಇದ್ದ ಹಾಗೆಯೇ ಇವೆ. ಸಂಜೆ ತಿದ್ದಿದ ಪಾಠ ಏರಿಸಿ, ಮಾಳವ್ವನಿಗೆ ತಿಳಿಸಿ, ಊಟ ಮಾಡದೆ ಮಲಗಿದೆ.

ಮರುದಿನ ಬೆಳಿಗ್ಗೆ ಬಸ್ಸಿಗೆ ಹೊರಟವಳನ್ನು ಮಾಳವ್ವ ತಡೆದರು. ವಿಡಿಯೊ ಕರೆಯಲ್ಲಿ ರೇಣುಕಾ ನೋಟ್‌ಬುಕ್ಕನ್ನು ಎತ್ತಿ ಹಿಡಿದಿದ್ದಳು. ಚಿತ್ರ ಕಲಸಿಹೋಗಿ ‘ಆಮ’ ಮಾತ್ರ ಕಾಣುತ್ತಿತ್ತು, ಕೆಳಗೊಂದು ಕಲೆ.

“ಸರಿ ಬರದಾಳೇನ್ರಿ ಅಕ್ಕಾರ?”

ಈ ಸಲ ನಾನು ಊಹಿಸಲಿಲ್ಲ. ಫೋಟೊ ತೆಗೆದು ಕಳಿಸುವಂತೆ ಅವಳ ಚಿಕ್ಕಮ್ಮನಿಗೆ ಹೇಳಿದೆ. ಬಸ್ಸು ಬಂತು, ಹೋಯಿತು. ಫೋಟೊ ನಿಧಾನವಾಗಿ ತೆರೆದುಕೊಂಡಿತು. ಮಕಾರಕ್ಕಿಂತ ದೊಡ್ಡದಾಗಿ, ಕೆಳಗಿನ ಗೆರೆಯನ್ನೂ ದಾಟಿ, ಲಕಾರದ ಒತ್ತು ಇತ್ತು.

“ಸರಿ ಐತಿ,” ಎಂದೆ.