ಬರದವರ ಪಾಲಿನ ಹಲಗೆ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಲೆಂಗೇರ್ ಊರಿನ ಹಳೆಯ ಗಣಿ ಕೇರಿಯಲ್ಲಿ, ಬಾಲ್ಜಾನ್ ಎಂಬಾಕೆಯ ಮನೆಯ ಅಂಗಳದಲ್ಲಿ, ಉಲ್ಬೋಲ್ಸಿನ್ ಆಪಾ ಅಂಗಿಯ ತೋಳು ಮಡಚಿ ಪೀಪಾಯಿಯೊಳಗೆ ಮೊಣಕೈವರೆಗೆ ಕೈ ಇಳಿಸಿದ್ದಾರೆ. ಉಪ್ಪುನೀರು ಕೊರೆಯುವಷ್ಟು ತಣ್ಣಗಿದೆ. ತಡಕಾಡಿ, ಮುಷ್ಟಿಗಿಂತ ತುಸು ದೊಡ್ಡದಾದ ಒಂದು ಕಲ್ಲಂಗಡಿಯನ್ನು ಮೇಲೆತ್ತುತ್ತಾರೆ. ಅದರ ಮೈಗೆ ಸಬ್ಬಸಿಗೆಯ ಎಳೆಗಳು ಅಂಟಿವೆ. ಒಂದು ಹೋಳು ಕತ್ತರಿಸಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿಯುತ್ತಾರೆ.

“ಬಂತು,” ಎನ್ನುತ್ತಾರೆ ಕೊನೆಗೆ. “ನಿನ್ನೆವರೆಗೂ ಮುನಿಸಿಕೊಂಡಿತ್ತು. ಇವತ್ತು ಮಾತಾಡ್ತಿದೆ.”

ಇವತ್ತು ಮಾತಾಡಲೇಬೇಕು. ಮಧ್ಯಾಹ್ನ ಬಾಲ್ಜಾನಳ ಮಗಳು ಅಕ್ಬೋಪೆಯನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ. ಹುಡುಗ ಹುಡುಗಿ ಒಪ್ಪಿಯಾಗಿದೆ. ಆದರೆ ಹೆಣ್ಣಿನ ಕಿವಿಗೆ ಗಂಡಿನ ಮನೆಯ ಓಲೆ ಬೀಳುವವರೆಗೆ ಇಲ್ಲಿ ಯಾವ ಒಪ್ಪಿಗೆಯೂ ಒಪ್ಪಿಗೆಯಲ್ಲ. ಬಾಲ್ಜಾನ್ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸದವಳು, ಗಂಡ ತೀರಿಕೊಂಡಿದ್ದಾನೆ. ಬೀಗರ ಮುಂದೆ ಊಟಕ್ಕೆ ಹಾಸುವ ದಸ್ತರಖಾನ್‌ಗೆಂದು ಅವಳು ಕೂಡಿಸಿದ ಹಣ ಎಷ್ಟೆಂದು, ಈ ಕೆಲಸ ನೋಡಲು ಹೊರಗಿನಿಂದ ಬಂದ ನಾನು ಕೇಳಿದರೆ ಉಲ್ಬೋಲ್ಸಿನ್ ನಗುತ್ತಾರೆ. “ಅಷ್ಟಕ್ಕೆ ಒಂದೆರಡು ಮೊಳ ಕುದುರೆ ಮಾಂಸದ ಸುರುಳಿ ಬರುತ್ತೆ. ಅದನ್ನ ಮಧ್ಯ ಇಟ್ಟು ಎಲ್ರೂ ನೋಡ್ತಾ ಕೂತ್ಕೋಬೇಕು.”

ಇರುವಷ್ಟರಲ್ಲೇ ಹಾಸುವುದು ಅವರ ಕಸುಬು. ಸೆಪ್ಟೆಂಬರಿನಿಂದ ಹಿಮ ಬೀಳುವವರೆಗೆ ಲೆಂಗೇರಿನಲ್ಲಿ ಮದುವೆ ಮಾತುಕತೆ, ಹೆಸರಿಡುವುದು, ಸತ್ತವರ ನೆನಪಿನೂಟ ಎಲ್ಲವೂ ಒಟ್ಟೊಟ್ಟಿಗೆ ಬರುತ್ತವೆ. ಹಣವಿದ್ದವರು ಹೋಟೆಲಿಗೆ ಹೋಗುತ್ತಾರೆ. ಇಲ್ಲದವರು ಅರವತ್ತು ದಾಟಿದ ಈ ಹೆಂಗಸಿನ ಬಾಗಿಲು ತಟ್ಟುತ್ತಾರೆ. ಕೂಲಿ ಎಂದು ಅವರು ಬಾಯಿಬಿಟ್ಟು ಹೇಳಿದ್ದನ್ನು ಯಾರೂ ಕೇಳಿಲ್ಲ. ಕೆಲವರು ಹಣ ಕೊಡುತ್ತಾರೆ, ಕೆಲವರು ಒಂದು ಮೂಟೆ ಕಲ್ಲಿದ್ದಲು ಇಳಿಸಿಹೋಗುತ್ತಾರೆ.

ಅವರ ಜೊತೆ ಎಲ್ಲ ಮನೆಗೂ ಹೋಗುವುದು ಒಂದು ಉದ್ದನೆಯ ಹಲಗೆ. ಗಣಿ ಮುಚ್ಚಿ ಕಚೇರಿ ಕೆಡವಿದಾಗ ಅವರ ಗಂಡ ಮೌಲೆನ್ ಅದರ ಬಾಗಿಲನ್ನು ಹೊತ್ತು ತಂದು, ಉಜ್ಜಿ ನುಣುಪು ಮಾಡಿಕೊಟ್ಟದ್ದು. ಬಡವರ ಮನೆಯಲ್ಲಿ ಒಂದೇ ಬಗೆಯ ತಟ್ಟೆಗಳು ಇರುವುದಿಲ್ಲ. ಇರುವ ತಟ್ಟೆಗಳು ಅರ್ಧ ತುಂಬಿದರೆ ಎದ್ದು ಕಾಣುತ್ತವೆ. “ತಟ್ಟೆ ಖಾಲಿಯಾದ್ರೆ ಚಾಡಿ ಹೇಳುತ್ತೆ. ಹಲಗೆ ಬಾಯಿಬಿಡಲ್ಲ,” ಎನ್ನುತ್ತಾರೆ ಉಲ್ಬೋಲ್ಸಿನ್.

ಹಲಗೆಯ ಮೇಲೆ ಬರುವುದೆಲ್ಲ ಹೆಚ್ಚಾಗಿ ಬೇರೆಯವರು ಬಿಟ್ಟುಹೋದದ್ದು. ಕೊಯ್ಲು ಮುಗಿದ ಹೊಲದಲ್ಲಿ ಬಲಿಯದೆ ಉಳಿದ ಪುಟ್ಟ ಕಲ್ಲಂಗಡಿಗಳನ್ನು ಆರಿಸಿ ತಂದು ಬೆಳ್ಳುಳ್ಳಿಯ ಜೊತೆ ಉಪ್ಪುನೀರಿಗೆ ಹಾಕಿರುತ್ತಾರೆ. ಹಿಮಕ್ಕೆ ಹೆದರಿ ಕಿತ್ತ ಹಸಿರು ಟೊಮೇಟೊ ಇನ್ನೊಂದು ಪೀಪಾಯಿಯಲ್ಲಿದೆ. ಕುಂಬಳ, ಈರುಳ್ಳಿ ತುಂಬಿದ ಸಮೋಸಾ ತಂದೂರಿನ ಗೋಡೆಗೆ ಅಂಟಿಕೊಂಡು ಬೇಯುತ್ತಿದೆ. ಬಜಾರಿನ ಕೊರಿಯನ್ ಹೆಂಗಸರು ಮಾರುವ ಖಾರದ ಕ್ಯಾರೆಟ್ ಎಳೆ ಒಂದು ಪೊಟ್ಟಣ, ಬೂದಿಯಲ್ಲಿ ಹುರಿದ ಉಪ್ಪು ಜರ್ದಾಳು ಬೀಜ ಎರಡು ಹಿಡಿ, ಒಂದು ಗೇಣು ಕುದುರೆ ಮಾಂಸದ ಸುರುಳಿ. ಆ ಒಂದು ಗೇಣನ್ನು ಎಷ್ಟು ತೆಳ್ಳಗೆ ಕೊಯ್ಯುತ್ತಾರೆಂದರೆ, ಹೋಳುಗಳನ್ನು ಒರಗಿಸಿ ನಿಲ್ಲಿಸಿದಾಗ ಹಲಗೆಯ ಈ ತುದಿಯಿಂದ ಆ ತುದಿಗೆ ಕೆಂಪು ಬೇಲಿ ಹಾಕಿದಂತೆ ಕಾಣುತ್ತದೆ.

ಉಳಿದ ಅಡುಗೆಯವರು ಕೆಲಸ ಒಪ್ಪಿಕೊಳ್ಳುವಾಗ ಎಷ್ಟು ಜನ ಬರುತ್ತಾರೆ ಎಂದು ಕೇಳುತ್ತಾರೆ. ಉಲ್ಬೋಲ್ಸಿನ್ ಮೊದಲು ಕೇಳುವುದು ಬೇರೆ ಪ್ರಶ್ನೆ.

“ಬರದವರು ಯಾರು?”

ಔತಣಕ್ಕೆ ಹೋದವರು ಬರಿಗೈಯಲ್ಲಿ ಮನೆಗೆ ಮರಳುವುದು ಇಲ್ಲಿ ಲಕ್ಷಣವಲ್ಲ. ಏಳುವ ಮುಂಚೆ ಹಲಗೆಯಿಂದ ಒಂದಿಷ್ಟು ಕಟ್ಟಿಕೊಂಡು, ಬರಲಾಗದೆ ಉಳಿದವರಿಗೆ ಒಯ್ಯುತ್ತಾರೆ. ಅದಕ್ಕೆ ಸರ್ಕಿತ್ ಎನ್ನುತ್ತಾರೆ, ನಮ್ಮ ಮಾತಿನಲ್ಲಿ ಬುತ್ತಿ. ಹೋಗಿಬಂದವರು ಏನು ವರದಿ ಕೊಟ್ಟರೂ, ಮನೆಯಲ್ಲಿದ್ದವರು ಆ ಬುತ್ತಿ ಬಿಚ್ಚಿಯೇ ಅಳೆಯುತ್ತಾರೆ.

ಬಾಲ್ಜಾನ್ ಕೊಟ್ಟ ಉತ್ತರ ಅವಳಿಗೇ ಭಯ ಹುಟ್ಟಿಸುವಂಥದ್ದು. ಬರದವರು ಹುಡುಗನ ಅಜ್ಜಿ, ಕಮ್ಶಾತ್. ಸೊಂಟ ಮುರಿದು ಕಿಟಕಿ ಪಕ್ಕ ಮಲಗಿದ್ದಾಳೆ. ಆ ಮನೆಯಲ್ಲಿ ಅವಳ ಮಾತೇ ಮಾತು. ಓಲೆಗಳು ಇರುವುದೂ ಅವಳ ದಿಂಬಿನ ಅಡಿಯಲ್ಲಿ. ಕಳೆದ ವರ್ಷ ಅದೇ ಹುಡುಗನಿಗೆ ನೋಡಿದ ಹೆಣ್ಣಿನ ಮನೆಯಿಂದ ಬುತ್ತಿ ಬಂದಾಗ ಅಜ್ಜಿ ಬಿಚ್ಚಿ ನೋಡಿ, ಗೋಡೆಯ ಕಡೆ ತಿರುಗಿ ಮಲಗಿದಳಂತೆ. ಸಂಬಂಧ ಅಲ್ಲಿಗೇ ನಿಂತಿತು.

“ಯಾಕಂತೆ?” ಎಂದು ಉಲ್ಬೋಲ್ಸಿನ್ ಕೇಳಿದ್ದರು.

“ಯಾರಿಗ್ಗೊತ್ತು ಆಪಾ. ದೊಡ್ಡೋರ ಮನಸ್ಸು.”

“ಗೊತ್ತಿಲ್ದಿದ್ರೆ ಕೇಳೋಕೆ ಬಾಯಿಲ್ವಾ? ಹುಡುಗಿ, ಫೋನ್ ಹಚ್ಚು ಅವನಿಗೆ. ನೀವಿಬ್ರೂ ರಾತ್ರಿಯೆಲ್ಲ ಏನೇನೋ ಮಾತಾಡ್ತೀರಲ್ಲ, ಅಜ್ಜಿ ಏನು ತಿಂತಾಳೆ ಅಂತ ಒಂದ್ಸಲ ಕೇಳು.”

ಅಕ್ಬೋಪೆ ನಾಚಿಕೊಂಡೇ ಕೇಳಿದಳು. ಅಜ್ಜಿಗೆ ಸಕ್ಕರೆ ಕಾಯಿಲೆ, ಬಾಯಲ್ಲಿ ಹಲ್ಲಿಲ್ಲ. ಹೋದಹೋದಲ್ಲಿಂದ ಎಲ್ಲರೂ ತರುವುದು ಚಾಕಲೇಟು, ಮಿಠಾಯಿ, ಬಾದಾಮಿ. ಅವಳು ಒಂದನ್ನೂ ಮುಟ್ಟುವಂತಿಲ್ಲ.

ಆ ಕ್ಷಣವೇ ಉಲ್ಬೋಲ್ಸಿನ್ ಹಲಗೆಯಿಂದ ಸಿಹಿಯನ್ನು ಪೂರ್ತಿ ತೆಗೆದುಹಾಕಿದರು. ಇದು ಸಣ್ಣ ತೀರ್ಮಾನವಲ್ಲ. ಮಿಠಾಯಿಯ ಬಣ್ಣದ ಕಾಗದ ಮಿನುಗದ ದಸ್ತರಖಾನ್ ಈ ಊರಿನಲ್ಲಿ ಸಾವಿನ ಮನೆಯಲ್ಲೂ ಕಾಣಸಿಗುವುದಿಲ್ಲ. ಬಾಲ್ಜಾನ್ ಈಗಲೂ, ಬೆಳಗಿನ ಈ ಹೊತ್ತಿನಲ್ಲೂ, ಅಡುಗೆಮನೆ ಬಾಗಿಲಲ್ಲಿ ನಿಂತು ಸೆರಗಿನ ತುದಿಯಂತೆ ತಲೆವಸ್ತ್ರದ ಅಂಚನ್ನು ಹಿಂಡುತ್ತಿದ್ದಾಳೆ.

“ಆಪಾ, ಉಪ್ಪಿನ ಮನೆ ಅಂತ ಆಡಿಕೊಳ್ತಾರೆ.”

“ಆಡ್ಕೊಳ್ಳಲಿ. ಉಪ್ಪು ತಿಂದೋರು ಮರೆಯಲ್ಲ.”

“ನಿಮಗೇನು, ಹಲಗೆ ಎತ್ಕೊಂಡು ಹೋಗ್ತೀರಿ. ಮನೇಲಿ ಉಳಿಯೋದು ನನ್ನ ಮಗಳು.”

ಉಲ್ಬೋಲ್ಸಿನ್ ಮಾಂಸದ ಸುರುಳಿ ಕೊಯ್ಯುತ್ತಿದ್ದಾರೆ. ಚಾಕು ಒಂದು ಗಳಿಗೆ ನಿಂತು ಮತ್ತೆ ಚಲಿಸುತ್ತದೆ. ಸಂಬಂಧ ತಪ್ಪಿದರೆ ದೂರು ಯಾರ ತಲೆಗೆ ಬರುತ್ತದೆಂದು ಅವರಿಗೆ ತಿಳಿಯದ್ದೇನಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಾಸಿಗೆಯ ಮಡಿಕೆಯೊಳಗೆ ಬಾಲ್ಜಾನ್ ಬಚ್ಚಿಟ್ಟ ಮಿಠಾಯಿ ಪೊಟ್ಟಣ ಅವರ ಕೈಗೆ ಸಿಗುತ್ತದೆ. ಬೈಯುತ್ತಾರೆಂದು ನಾನು ಕಾದಿದ್ದೆ.

“ಇದೂ ಬೇಕು,” ಎನ್ನುತ್ತಾರೆ. “ಬೀಗರು ಹೊಸಿಲು ದಾಟುವಾಗ ಎರಚೋಕೆ. ಸಿಹಿಯ ಋಣ ಬಾಗಿಲಲ್ಲೇ ತೀರಿಸಿಬಿಡೋಣ.”

ಉಲ್ಬೋಲ್ಸಿನ್ ಎಂದರೆ ‘ಮುಂದಿನದು ಗಂಡಾಗಲಿ’ ಎಂದು ಅರ್ಥ. “ನನ್ನ ಹಿಂದೆ ಮತ್ತೆ ಮೂರು ಹೆಣ್ಣು,” ಎಂದು ನಗುತ್ತಾರೆ. “ಹೆಸರಿನ ಮಾತು ದೇವರಿಗೆ ಕೇಳಿಸ್ಲಿಲ್ಲ.” ಗಣಿ ನಡೆಯುತ್ತಿದ್ದಾಗ ಅವರು ಅದರ ಊಟದಮನೆಯಲ್ಲಿ ಅಡುಗೆಯವರು. ಗಣಿ ಮುಚ್ಚಿತು. ಮೌಲೆನ್ ಎದೆಯಲ್ಲಿ ಕಲ್ಲಿದ್ದಲ ಧೂಳು ಉಳಿಯಿತು. ಈಗ ಹತ್ತು ಹೆಜ್ಜೆ ನಡೆದರೂ ಏದುಸಿರು, ಮನೆ ಬಿಟ್ಟು ಹೊರಡುವುದಿಲ್ಲ. ಮೊದಮೊದಲು ಔತಣಕ್ಕೆ ಹೋದ ಗೆಳೆಯರು ತಪ್ಪದೆ ಬುತ್ತಿ ತಂದು ಕೊಟ್ಟು, ಕೂತು, ಯಾರು ಹಾಡಿದರು, ಯಾರು ಜಗಳವಾಡಿದರು ಎಂದು ಹೇಳಿ ಹೋಗುತ್ತಿದ್ದರು. ಆಮೇಲೆ ಒಬ್ಬೊಬ್ಬರಾಗಿ ಮರೆತರು.

“ನಾನು ಎಲ್ಲಿಂದ ಏನು ತಂದ್ರೂ ನಮ್ಮ ಮುದುಕ ತಿಂತಾನೆ. ಆದ್ರೆ ಒಂದು ಮಾತಂತಾನೆ: ‘ಹೆಂಡ್ತಿ ತಂದಿದ್ದು ಕೂಲಿ. ಬೇರೆಯವರು ತಂದ್ರೆ ಬುತ್ತಿ.’ ಅವತ್ತಿಂದ ಎಲ್ಲಿ ಹೋದ್ರೂ ಮೊದಲು ಅದನ್ನೇ ಕೇಳ್ತೀನಿ, ಬರದವರು ಯಾರು ಅಂತ.”

ಮಧ್ಯಾಹ್ನ ಬೀಗರು ಬರುತ್ತಾರೆ. ಬಾಗಿಲಲ್ಲಿ ಮಿಠಾಯಿ ಮಳೆಗರೆಯುತ್ತದೆ, ಕೇರಿಯ ಮಕ್ಕಳು ಕಾಲುಗಳ ಸಂದಿಯಲ್ಲಿ ನುಗ್ಗಿ ಆರಿಸಿಕೊಳ್ಳುತ್ತವೆ. ಹುಡುಗನ ತಾಯಿ ರಾಬಿಗಾ ಮತ್ತು ದೊಡ್ಡಪ್ಪನನ್ನು ಬಾಗಿಲಿಂದ ದೂರದ, ಗೌರವದ ಜಾಗದಲ್ಲಿ ಕೂರಿಸುತ್ತಾರೆ. ರಾಬಿಗಾಳ ಕಣ್ಣು ಹಲಗೆಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಹೋಗಿ, ಅಷ್ಟೇ ನಿಧಾನವಾಗಿ ಹಿಂದಿರುಗುತ್ತದೆ. ಹಸಿರು ಮೂಲಂಗಿಯ ಬಿಲ್ಲೆ, ಕೆಂಪು ಕ್ಯಾರೆಟ್, ಬಿಳಿ ಕುರ್ತ್, ಎಂದರೆ ಉಪ್ಪುಮೊಸರನ್ನು ಉಂಡೆ ಕಟ್ಟಿ ಒಣಗಿಸಿದ್ದು. ಎಲ್ಲೂ ಹಲಗೆಯ ಮರ ಕಾಣುತ್ತಿಲ್ಲ. ಮಿಠಾಯಿಯೂ ಕಾಣುತ್ತಿಲ್ಲ.

“ಬೀಗತಿ,” ಎನ್ನುತ್ತಾಳೆ ರಾಬಿಗಾ, ಚಹಾದ ಬಟ್ಟಲು ಕೈಯಲ್ಲಿ ತಿರುಗಿಸುತ್ತ. “ನಿಮ್ಮ ಕಡೆ ಅಂಗಡಿಗೆ ಸಕ್ಕರೆ ಬರೋದು ನಿಂತುಹೋಯ್ತಾ?”

ಬಾಲ್ಜಾನಳ ಕೈ ಮತ್ತೆ ತಲೆವಸ್ತ್ರದ ಅಂಚಿಗೆ ಹೋಗುತ್ತದೆ. ಅಡುಗೆಮನೆ ಬಾಗಿಲಿಂದ ಉಲ್ಬೋಲ್ಸಿನ್ ಧ್ವನಿ ಬರುತ್ತದೆ, ತಟ್ಟೆ ಒರೆಸುತ್ತಲೇ.

“ಬಂದಿದ್ದೆಲ್ಲ ನಿಮ್ಮ ತಲೆ ಮೇಲೇ ಸುರಿದುಬಿಟ್ವಲ್ಲಮ್ಮ. ಮುಡೀಲಿ ಇನ್ನೂ ಒಂದು ಸಿಕ್ಕಿಕೊಂಡಿದೆ ನೋಡಿ.”

ರಾಬಿಗಾ ಕೈಯೆತ್ತಿ ತಲೆ ಮುಟ್ಟಿಕೊಳ್ಳುತ್ತಾಳೆ. ನಿಜಕ್ಕೂ ಒಂದಿರುತ್ತದೆ. ದೊಡ್ಡಪ್ಪ ಹೊಟ್ಟೆ ಕುಣಿಸಿ ನಗುತ್ತಾನೆ, ಉಪ್ಪು ಕಲ್ಲಂಗಡಿಯ ಮೂರನೆಯ ಹೋಳಿಗೆ ಕೈಚಾಚುತ್ತಾನೆ. ರಾಬಿಗಾ ನಗುವುದಿಲ್ಲ. ಆದರೆ ತಿನ್ನುತ್ತಾಳೆ.

ಹೊರಡುವ ಹೊತ್ತಿಗೆ ಅವಳು ಕೈಚೀಲದಿಂದ ಪ್ಲಾಸ್ಟಿಕ್ ಕವರು ತೆಗೆದು ಹಲಗೆಯ ಮೇಲೆ ಏನು ಆರಿಸಲಿ ಎಂದು ನೋಡುತ್ತಿರುವಾಗ, ಉಲ್ಬೋಲ್ಸಿನ್ ಬಿಳಿ ಬಟ್ಟೆಯ ಗಂಟೊಂದನ್ನು ಮುಂದಿಡುತ್ತಾರೆ. “ಇದು ಮನೇಲಿರೋ ಅಮ್ಮನವರಿಗೆ.”

“ಅತ್ತೆಗೆ ಹಲ್ಲಿಲ್ಲ,” ಎನ್ನುತ್ತಾಳೆ ರಾಬಿಗಾ, ಮಾತು ಮುಗಿಸುವವಳಂತೆ.

“ಗೊತ್ತು. ಕುರ್ತ್ ಅರ್ಧವೇ ಒಣಗಿಸಿದ್ದೀನಿ, ಒಸಡಲ್ಲೇ ಕರಗುತ್ತೆ. ಕಲ್ಲಂಗಡಿ ಸಿಪ್ಪೆ, ಬೀಜ ತೆಗೆದಿದೆ. ಕುರಿ ಈಲಿ ಕೊಬ್ಬಿನಲ್ಲಿ ಬೇಯಿಸಿ ಅರೆದಿದೆ. ಸಕ್ಕರೆ ಯಾವುದರಲ್ಲೂ ಇಲ್ಲ.”

ರಾಬಿಗಾ ಗಂಟನ್ನು ಕವರಿಗೆ ಹಾಕುವುದಿಲ್ಲ. ಎರಡೂ ಕೈಯಲ್ಲಿ ಹಿಡಿದು ಕಾರಿನವರೆಗೆ ನಡೆಯುತ್ತಾಳೆ. ಓಲೆಯ ಮಾತು ಮಾತ್ರ ಯಾರೂ ಎತ್ತುವುದಿಲ್ಲ.

ಕೊಟ್ಟ ಪಾತ್ರೆಯಾಗಲಿ ಬಟ್ಟೆಯಾಗಲಿ ಇಲ್ಲಿ ಖಾಲಿ ಹಿಂದಿರುಗಬಾರದು. ಹಾಗಾಗಿ ಬಾಲ್ಜಾನಳ ಮನೆ ಈಗ ಆ ಬಟ್ಟೆಗಾಗಿ ಕಾಯುತ್ತದೆ. ಒಂದು ದಿನ ಹೋಗುತ್ತದೆ, ಎರಡು ಹೋಗುತ್ತವೆ. ಬಾಲ್ಜಾನ್ ಬಜಾರಿನಲ್ಲಿ ಉಲ್ಬೋಲ್ಸಿನ್‌ರನ್ನು ಕಂಡೂ ಕಾಣದಂತೆ ಬೇರೆ ಸಾಲಿಗೆ ತಿರುಗುತ್ತಾಳೆ. ಉಲ್ಬೋಲ್ಸಿನ್ ಅದನ್ನು ನೋಡಿಯೂ ನೋಡದವರಂತೆ ಮೂಲಂಗಿ ಆರಿಸುತ್ತಾರೆ.

ಮುಂದಿನ ಶನಿವಾರ ಬೆಳಗಿನ ಜಾವ ಅವರು ಇನ್ನೊಂದು ಬೀದಿಯ ಇನ್ನೊಂದು ಮನೆಯಲ್ಲಿದ್ದಾರೆ. ಅದೇ ಹಲಗೆ, ಅದೇ ಪೀಪಾಯಿ. ಗೇಟು ಧಡಾರೆಂದು ತೆರೆಯುತ್ತದೆ. ಬಾಲ್ಜಾನ್, ಮನೆಯ ಚಪ್ಪಲಿಯಲ್ಲೇ ಓಡಿಬಂದಿದ್ದಾಳೆ.

“ಆಪಾ, ನಿನ್ನೆ ಸಂಜೆ ಗಂಟು ಬಂತು. ಬಿಚ್ಚಿದ್ರೆ ಬರೀ ಮಿಠಾಯಿ! ಹಳೇವು, ಕಾಗದಕ್ಕೆ ಅಂಟಿಕೊಂಡಿರೋವು. ಮುಖಕ್ಕೆ ಎಸೆದ್ಲಲ್ಲ ಮುದುಕಿ ಅಂದ್ಕೊಂಡೆ. ಅಕ್ಬೋಪೆ ಅಳ್ತಾ ಎಲ್ಲ ಪಕ್ಕಕ್ಕೆ ಸರಿಸ್ತಾಳೆ, ತಳದಲ್ಲಿ ಓಲೆ!”

ಜೊತೆಗೆ ಅಜ್ಜಿಯ ಮಾತೂ ಬಂದಿದೆ: ದಿಂಬಿನ ಸುತ್ತ ವರ್ಷಗಟ್ಟಲೆ ಕೂಡಿಬಿದ್ದ ಮಿಠಾಯಿ, ನನಗೆ ಬೇಡ, ನಿಮ್ಮ ಮದುವೆಮನೆ ಬಾಗಿಲಲ್ಲಿ ಎರಚಿಕೊಳ್ಳಿ. ಉಪ್ಪು ಕಳಿಸಿದ ಹುಡುಗಿಯನ್ನು ಬೇಗ ಕಳಿಸಿ.

ಉಲ್ಬೋಲ್ಸಿನ್ ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸಿ ಕೈ ಒರೆಸಿಕೊಳ್ಳುತ್ತಾರೆ. ಬಾಲ್ಜಾನ್ ಮಡಿಲಿಂದ ಪುಟ್ಟ ಗಂಟೊಂದನ್ನು ತೆಗೆದು ನೀಡುತ್ತಾಳೆ. “ಆ ಮಿಠಾಯೀಲೇ ನಿಮ್ಮ ಪಾಲು. ಎರಡು ಬೌರ್ಸಾಕ್ ಹಿಟ್ಟಿನುಂಡೆ ಕರಿದು ಹಾಕಿದ್ದೀನಿ. ಅವತ್ತು ನಾನಾಡಿದ ಮಾತು ಮನಸ್ಸಲ್ಲಿ ಇಟ್ಕೋಬೇಡಿ ಆಪಾ.”

ಉಲ್ಬೋಲ್ಸಿನ್ ಕೈ ಚಾಚುವುದಿಲ್ಲ. ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಳ್ಳುತ್ತಾರೆ.

“ನನ್ನ ಕೈಗೆ ಕೊಡ್ಬೇಡ. ಕೊಟ್ರೆ ಕೂಲಿಯಾಗುತ್ತೆ. ಹಾಗೇ ನಮ್ಮನೆ ಕಡೆ ಹೋಗು. ಮುದುಕ ಎದ್ದಿರ್ತಾನೆ, ಒಬ್ನೇ ಇರ್ತಾನೆ. ಒಂದು ಗಳಿಗೆ ಕೂತ್ಕೊಂಡು, ಮುದುಕಿ ಮಿಠಾಯಿ ಕಥೆ ಹೇಳಿ, ನೀನೇ ಕೊಡು.”

ಬಾಲ್ಜಾನ್ ಗಂಟನ್ನು ಎದೆಗೊತ್ತಿಕೊಂಡು ಹೊರಡುತ್ತಾಳೆ. ಅವಳು ಬೀದಿಯ ತಿರುವು ದಾಟುವವರೆಗೂ ಉಲ್ಬೋಲ್ಸಿನ್ ಗೇಟಿನಲ್ಲಿ ನಿಂತಿರುತ್ತಾರೆ. ಆಮೇಲೆ ಒಳಗೆ ಬಂದು, ಹಲಗೆಯ ಮೇಲೆ ಬೆರಳಗಲ ಖಾಲಿ ಉಳಿದಿದ್ದ ಜಾಗದಲ್ಲಿ ಒಂದು ಈರುಳ್ಳಿ ಬಿಲ್ಲೆ ಇಡುತ್ತಾರೆ.