ಬೋರಿನೊಳಗಿಂದ ಬಂದ ಲಿಂಗ

ನಮ್ಮೂರ ಹಿಂದಿನ ಗುಡ್ಡದ ಬಗ್ಗೆ ಯಾರಾದರೂ ಭಕ್ತಿಯಿಂದ ಮಾತಾಡಿದರೆ ನನಗೆ ನಗು ಬರುತ್ತದೆ. ಹರಪನಹಳ್ಳಿಯಿಂದ ಚಿಗಟೇರಿ ಕಡೆ ಬರುವಾಗ ಕಾಣುವ ಒಂದು ಬೋಳು ಗುಡ್ಡ ಅದು. ನೆತ್ತಿಯ ಮೇಲೆ ಯಾವುದೋ ಕಾಲದ ತಾಮ್ರದ ಗಣಿಯ ಗುಂಡಿಗಳಿವೆ, ಬುಡದಲ್ಲಿ ಕಪ್ಪು ಕಿಟ್ಟದ ರಾಶಿ ಇದೆ. ಅದಿರು ಕರಗಿಸಿ ತಾಮ್ರ ತೆಗೆದ ಮೇಲೆ ಉಳಿದ ಗಸಿ ಆ ಕಿಟ್ಟ. ಊರವರನ್ನು ಕೇಳಿದರೆ ಮಾತ್ರ ಅದು ರಾಕ್ಷಸರ ಹೇಲು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಅತ್ತೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ, "ಇದನ್ನ ತುಳೀಬ್ಯಾಡ, ಮೈಲಿಗಿ" ಎಂದಿದ್ದರು. ಎಷ್ಟೋ ನೂರು ವರ್ಷ ಬಿಸಿಲಿಗೆ ಒಣಗಿದ ಹೇಲಿಗೆ ಇನ್ನೆಂಥ ಮೈಲಿಗೆ ಎಂದು ಕೇಳಬೇಕೆನಿಸಿತ್ತು. ಹೊಸ ಸೊಸೆ, ಬಾಯಿ ಮುಚ್ಚಿಕೊಂಡಿದ್ದೆ. ಆಮೇಲೆ ಬಾಯಿ ಮುಚ್ಚುವ ಅಭ್ಯಾಸ ನನಗೆ ಹತ್ತಲಿಲ್ಲ.

ಈಚೆಗೆ ಒಂದು ಸರ್ವೆ ಕಂಪನಿಯವರು ಬಂದರು. ಗುಡ್ಡದೊಳಗೆ ತಾಮ್ರ, ಸತು ಇನ್ನೂ ಉಳಿದಿದೆಯೇ ಎಂದು ಬೋರ್ ಕೊರೆದು ನೋಡುವುದು ಅವರ ಕೆಲಸ. ಮನೆಗೆ ಅಂಟಿಕೊಂಡ ನಮ್ಮ ಗೋಡಾನನ್ನು ಬಾಡಿಗೆಗೆ ಹಿಡಿದರು, ಮಧ್ಯಾಹ್ನದ ರೊಟ್ಟಿ ಊಟ ನನ್ನ ಕಡೆಯಿಂದ ಎಂದಾಯಿತು. ಅವರಲ್ಲಿ ಕಲ್ಲಿನ ಶಾಸ್ತ್ರ ಓದಿದ ಒಬ್ಬ ಹುಡುಗಿ ಇದ್ದಳು. ಒಂದು ಕಲ್ಲಿನ ತುಂಡಿನಿಂದಾಗಿ ಆ ಹುಡುಗಿಯ ನೌಕರಿ ಹೋಗುವುದರಲ್ಲಿತ್ತು, ಅದಕ್ಕೆ ಕಾರಣ ನನ್ನ ಅತ್ತೆ. ಅದನ್ನೇ ಹೇಳಲು ಹೊರಟಿದ್ದೇನೆ.

ಅವಳು ಬಂದ ಮೊದಲ ದಿನವೇ ಅತ್ತೆ ಪಡಸಾಲೆಯಲ್ಲಿ ಕೂತು ವಿಚಾರಣೆ ಶುರು ಮಾಡಿದರು. "ಯಾವೂರವ್ವ? ಯಾರ ಪೈಕಿ?" ಹುಡುಗಿ ಸುತ್ತು ಬಳಸಲಿಲ್ಲ. "ಹಲವಾಗಲರಿ. ನಮ್ಮ ಮನಿ ಊರ ಆಚಿ ಕೇರ್ಯಾಗ ಐತಿ. ಮನ್ಯಾಗ ಬುದ್ಧನ ಫೋಟೊ ಐತ್ರಿ." ಅತ್ತೆ "ಹೌದಾ" ಎಂದರು, ಬಹಳ ಮೃದುವಾಗಿ. ಮರುದಿನ ನಮ್ಮ ಮನೆಗೆ ಪೇಪರ್ ಕಪ್ಪಿನ ಕಟ್ಟು ಬಂತು. ಸ್ಟೀಲ್ ಲೋಟ ಬಿಟ್ಟು ಬೇರೆ ಕಂಡರಿಯದ ನನ್ನ ಅತ್ತೆಗೆ ಇದ್ದಕ್ಕಿದ್ದಂತೆ ಸ್ವಚ್ಛತೆಯ ಮೇಲೆ ಪ್ರೀತಿ ಉಕ್ಕಿತ್ತು. "ಕುಡದು ಒಗದ್ರ ಆತು, ತಿಕ್ಕೋ ಕೆಲ್ಸ ಇಲ್ಲ ನಿನಗ" ಎಂದು ನನ್ನ ಮೇಲೆ ಉಪಕಾರ ಹೊರಿಸಿದರು. ನಾನು ಒಂದು ವಾರ ಅತ್ತೆಗೂ ಪೇಪರ್ ಕಪ್ಪಿನಲ್ಲೇ ಚಹಾ ಕೊಟ್ಟೆ. "ಚಾ ರುಚಿನ ಇಲ್ಲ" ಎಂದು ಗೊಣಗಿದರೇ ಹೊರತು ಪೇಪರ್ ಕಪ್ಪುಗಳನ್ನು ಮನೆಯಿಂದ ಆಚೆ ಹಾಕಲಿಲ್ಲ.

ಹುಡುಗಿಗೆ ಎಲ್ಲ ತಿಳಿಯುತ್ತಿತ್ತು. ಆದರೂ ಕಟ್ಟೆಯ ಮೇಲೆ ಕೂತು ರೊಟ್ಟಿ ಮುರಿಯುತ್ತ ನನಗೆ ಗುಡ್ಡದ ಕಥೆ ಹೇಳುತ್ತಿದ್ದಳು.

"ಅಕ್ಕಾ, ಈ ಗುಡ್ಡ ಒಂದು ಕಾಲಕ್ಕ ಸಮುದ್ರದ ತಳ ಇತ್ತು. ತಳದಾಗ ಬಿಸಿನೀರಿನ ಬುಗ್ಗಿ ಇದ್ವು. ಆ ನೀರು ಹೊತ್ಕೊಂಡು ಬಂದ ತಾಮ್ರ, ಸತು, ಗಂಧಕ ಎಲ್ಲಾ ತಣ್ಣಗಾಗಿ ಪದರ ಪದರ ಕುಂತ್ವು."

"ನಮ್ಮೂರಾಗ ಸಮುದ್ರ ಇತ್ತಾ?" ಎಂದೆ. ನಲ್ಲಿಯಲ್ಲಿ ನೀರು ಬಂದ ದಿನ ಹಬ್ಬ ಮಾಡುವ ಊರು ನಮ್ಮದು. "ಆ ಸಮುದ್ರನಾದ್ರೂ ಇಟ್ಟು ಹೋಗಬೇಕಿತ್ತು ನೋಡವ್ವ, ತಾಮ್ರ ಕಟ್ಕೊಂಡು ಏನು ಮಾಡೋದು!"

ಅವಳು ಬಿದ್ದು ಬಿದ್ದು ನಕ್ಕಳು. ಗುಡ್ಡದ ಗಣಿ ತೋಡಿದ ಹಳಬರು ಬಂಡೆಯ ಮೇಲೆ ಬೆಂಕಿ ಹಾಕಿ, ಕಾದ ಮೇಲೆ ನೀರು ಸುರಿದು ಬಿರುಕು ಬಿಡಿಸುತ್ತಿದ್ದರಂತೆ. ಹಸಿರು ಬಣ್ಣದ ಕಲ್ಲಿನ ಜಾಡು ಹಿಡಿದು ಇಳಿಯುತ್ತ ಹೋಗಿ, ಕೆಳಗೆ ನೀರು ಬಂದ ಕಡೆ ಬಿಟ್ಟು ಹೋದರಂತೆ. ತಾಮ್ರದ ಜೊತೆಯಲ್ಲೇ ಇದ್ದ ಸತು ಮಾತ್ರ ಅವರ ಕೈಗೆ ಸಿಗಲಿಲ್ಲವಂತೆ, ಕುಲುಮೆ ಬಿಸಿಯಾದೊಡನೆ ಬಿಳಿ ಹೊಗೆಯಾಗಿ ಹಾರಿಹೋಗುತ್ತಿತ್ತಂತೆ. ಮನೆಯಲ್ಲಿ ಸ್ವಲ್ಪ ಬಿಸಿ ಏರಿತೆಂದರೆ ಮಾಯವಾಗುವ ನನ್ನ ಗಂಡನ ನೆನಪಾಯಿತು.

ಅವರ ಮಷೀನಿನ ಕೊಳವೆಯ ತುದಿಗೆ ವಜ್ರದ ಚೂರು ಕೂರಿಸಿದ ಒಂದು ಬಳೆ. ಅದು ಗರಗರ ತಿರುಗುತ್ತ ಬಂಡೆಯೊಳಗೆ ಇಳಿದರೆ, ನಡುವಿನ ಕಲ್ಲು ಒನಕೆಯಂತೆ ದುಂಡಗೆ ಕೊಳವೆಯೊಳಗೆ ಬಂದು ಕೂರುತ್ತದೆ. ಹುಡುಗಿ ಆ ದುಂಡು ಕಲ್ಲುಗಳನ್ನು ತೊಳೆದು, ಒರೆಸಿ, ಎಷ್ಟು ಆಳದ್ದೆಂದು ಕೆಂಪು ಬಣ್ಣದಲ್ಲಿ ಬರೆದು, ಗೋಡಾನಿನ ಪೆಟ್ಟಿಗೆಗಳಲ್ಲಿ ಸಾಲಾಗಿ ಜೋಡಿಸುತ್ತಿದ್ದಳು. ಬಹಳ ದಿನ ಬರೀ ಬೂದಿ ಬಣ್ಣದ ಕಲ್ಲು ಬಂತು. ಒಂದು ಸಂಜೆ ಗೇಣುದ್ದದ ಒಂದು ತುಂಡು ಎತ್ತಿಕೊಂಡು ಅಡುಗೆ ಮನೆಯ ಕಿಟಕಿಗೇ ಬಂದಳು. "ಅಕ್ಕಾ, ಸಿಕ್ತು!" ಹಿತ್ತಾಳೆಯಂತೆ ಹೊಳೆಯುವ ಪಟ್ಟೆ ತಾಮ್ರದ ಅದಿರು, ಜೋನಿಬೆಲ್ಲದ ಬಣ್ಣದ್ದು ಸತುವಿನ ಅದಿರು. ಕೊಳವೆಯೊಳಗೆ ಉಜ್ಜಿ ಉಜ್ಜಿ ಕಲ್ಲಿನ ಒಂದು ತುದಿ ಬೋಳಾಗಿ, ನುಣ್ಣಗೆ ಉರುಟಾಗಿತ್ತು. ನಿಜಕ್ಕೂ ಚೆಂದವಿತ್ತು. ಅತ್ತೆಯೂ ನನ್ನ ಹಿಂದೆ ನಿಂತು ನೋಡಿದರು, ಏನೂ ಮಾತಾಡಲಿಲ್ಲ. ಅವರು ಸುಮ್ಮನಿದ್ದಾಗಲೇ ನಾನು ಹೆದರಬೇಕಿತ್ತು.

ಸೋಮವಾರ ಬೆಳಿಗ್ಗೆ ಹುಡುಗಿ ಮುಖ ಬಿಳಿಚಿಕೊಂಡು ಬಂದಳು. ಮಧ್ಯಾಹ್ನ ದೊಡ್ಡ ಸಾಹೇಬರು ಪೆಟ್ಟಿಗೆ ನೋಡಲು ಬರುವವರಿದ್ದರು, ಆ ತುಂಡು ಕಾಣೆಯಾಗಿತ್ತು. "ಕದ್ದು ಬ್ಯಾರೆ ಕಂಪನಿಗೆ ಕೊಟ್ಟಾಳ ಅಂತಾರಕ್ಕಾ. ಈ ಕೆಲ್ಸ ಅಷ್ಟ ಅಲ್ಲ, ಇನ್ನ ಮುಂದ ಯಾರೂ ನನ್ನ ಸೇರಿಸ್ಕೊಳ್ಳಂಗಿಲ್ಲ. ನಮ್ಮನ್ಯಾಗ ಸಂಬಳ ಅಂತ ತಂದಾಕಿ ನಾನ ಮೊದಲು." ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಗೋಡಾನಿನ ಮೂಲೆ ಮೂಲೆ ಹುಡುಕಿದೆವು. ದೀಪದ ಎಣ್ಣೆಗೆಂದು ನಾನು ದೇವರ ಕೋಣೆಗೆ ಹೋದವಳು ಹಾಗೇ ನಿಂತುಬಿಟ್ಟೆ.

ಹಿತ್ತಾಳೆ ತಟ್ಟೆಯ ನಡುವೆ, ಮೂರು ಬೆರಳಿನ ವಿಭೂತಿ ಬಳಿದುಕೊಂಡು, ತಲೆಯ ಮೇಲೆ ಬಿಲ್ವಪತ್ರೆ ಹೊತ್ತು ಕೂತಿತ್ತು ಆ ತುಂಡು. ವಿಭೂತಿಯ ಸಂದಿಯಿಂದ ಕೆಂಪು ನಂಬರು ಇಣುಕುತ್ತಿತ್ತು.

"ಅತ್ತೀ! ಇದೆಲ್ಲಿಂದ ಬಂತ್ರಿ?"

"ಭೂಮಿಯೊಳಗಿಂದ," ಎಂದರು ಅತ್ತೆ, ಹೂ ಕಟ್ಟುತ್ತಲೇ. "ಉದ್ಭವ ಲಿಂಗ. ಅಷ್ಟು ದುಂಡಗ ಕಡಿಯೋದು ಮನುಷ್ಯರ ಕೈಲಿ ಆಕ್ಕತೇನು?"

"ಮನುಷ್ಯರ ಕೈಲಿ ಅಲ್ರಿ, ಮಷೀನಿನ ಕೈಲಿ ಆಗೈತಿ. ಕೊರಳಾಗ ಒಂದು ಲಿಂಗ ಐತಲ್ಲ, ಸಾಲಲಿಲ್ಲೇನು ನಿಮಗ?"

"ಲೇ, ನಿನ್ನ ನಾಲಿಗಿ ಸೇದಿಹೋಗ್ಲಿ!"

ಹುಡುಗಿಯ ನೌಕರಿಯ ವಿಷಯ ಬಿಡಿಸಿ ಹೇಳಿದೆ. ಅತ್ತೆ ಕೆಟ್ಟವರಲ್ಲ, ಅದೇ ನನ್ನ ಕರ್ಮ. ಕೆಟ್ಟವರಾಗಿದ್ದರೆ ಜಗಳ ಸುಲಭವಿತ್ತು. ಅವರ ಕೈ ಹೂವಿನ ಮೇಲೆ ನಿಂತಿತು. "ಅಯ್ಯ ಪಾಪ, ಹುಡುಗಿ ಕೆಲ್ಸ ಹೋಗೋದು ಬ್ಯಾಡವ್ವ. ಆದ್ರ ಪೂಜಿ ಆಗೈತಲ್ಲ, ಆಕಿ ಹೆಂಗ ಮುಟ್ತಾಳ?"

"ಆಕಿನ ಎತ್ತಿದ್ದು, ಆಕಿನ ತೊಳದಿದ್ದು. ನಿಮ್ಮ ಸ್ವಾಮಿಗೆ ಮೊದಲ ಅಭಿಷೇಕ ಮಾಡಿದಾಕಿ ಆಕಿ!"

"ಆಗ ಅದು ಕಲ್ಲು. ಈಗ ಸ್ವಾಮಿ."

ಇದಕ್ಕೆ ಯಾವ ವಕೀಲ ಉತ್ತರ ಕೊಡುತ್ತಾನೆ? ನಾನೇ ಎತ್ತಲು ಹೋದೆ, ಅಡ್ಡ ನಿಂತರು. "ನಾನ ತಂದೀನಿ, ನಾನ ಕೊಡ್ತೀನಿ. ಆಕಿಗೆ ಕಟ್ಟಿ ಕೆಳಗ ನಿಂದ್ರಾಕ ಹೇಳು."

ಪತ್ರೆ ತೆಗೆದರು. ವಿಭೂತಿ ತೊಳೆದರು. "ತಪ್ಪಾತೋ ತಂದೆ, ಹೋಗಿ ಬಾ" ಎಂದು ಗಲ್ಲ ಗಲ್ಲ ಬಡಿದುಕೊಂಡರು. ಆ ಕಲ್ಲನ್ನು ಉದ್ದಕ್ಕೆ ಸೀಳಿ, ಅರ್ಧವನ್ನು ಪುಡಿ ಮಾಡಿ ಲ್ಯಾಬಿಗೆ ಕಳಿಸುತ್ತಾರೆಂದು ನಾನು ಇವತ್ತಿಗೂ ಅವರಿಗೆ ಹೇಳಿಲ್ಲ. ಸೆರಗಿನಲ್ಲಿ ಎತ್ತಿಕೊಂಡು ಹೊರಗೆ ಬಂದರು. ಹುಡುಗಿ ಕಟ್ಟೆಯ ಕೆಳಗೆ ಬಿಸಿಲಲ್ಲಿ ನಿಂತಿದ್ದಳು. ಅತ್ತೆ ಕಲ್ಲನ್ನು ಕಟ್ಟೆಯ ಅಂಚಿನಲ್ಲಿಟ್ಟು ಹಿಂದೆ ಸರಿದರು.

"ತಗೊಳ್ಳವ್ವ."

ಹುಡುಗಿ ಕಲ್ಲನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಎರಡೂ ಕೈ ಮುಂದೆ ಚಾಚಿದಳು. ಕಲ್ಲನ್ನು ಮುಟ್ಟಲಿಲ್ಲ.

"ಕೈಗೆ ಕೊಡ್ರಿ, ಅಮ್ಮಾ."

"ಇಟ್ಟೀನಲ್ಲ, ತಗೊ."

"ನಾನು ಕಳವು ಅನ್ನಂಗಿಲ್ಲ. ಬೈಯಂಗಿಲ್ಲ. ಯಾರಿಗೂ ಹೇಳಂಗಿಲ್ಲ. ಕೈಗೆ ಕೊಡ್ರಿ, ಅಷ್ಟ."

ಜೀಪಿನ ಡ್ರೈವರ್ ಗೋಡಾನಿನ ಬಾಗಿಲಿನಿಂದ ಕೂಗಿದ: "ಮೇಡಂ, ಸಾಹೇಬ್ರ ಗಾಡಿ ಕ್ರಾಸಿಗೆ ಬಂತಂತ್ರಿ!" ತಗೊಂಡು ಓಡೇ ಹುಚ್ಚಿ, ಮೊದಲು ನೌಕರಿ ಉಳಿಸಿಕೋ ಎಂದು ಒಳಗೊಳಗೇ ಬೈದೆ. ನಾನೇ ಎತ್ತಿ ಕೊಡೋಣವೆಂದು ಒಂದು ಹೆಜ್ಜೆ ಮುಂದಿಟ್ಟೆ. ಹುಡುಗಿ ನನ್ನ ಕಡೆ ನೋಡಿ ಬೇಡವೆಂದು ತಲೆಯಾಡಿಸಿದಳು. ಚಾಚಿದ ಕೈ ಕೆಳಗಿಳಿಸಲಿಲ್ಲ. ಅತ್ತೆ ಸಹಾಯಕ್ಕೆಂದು ನನ್ನ ಮುಖ ನೋಡಿದರು. ನಾನು ಎದುರಿನ ಬೇವಿನ ಮರ ನೋಡಿದೆ.

"ಎಂಥ ಹಟಮಾರಿ ಅದಾವವ್ವ ಇವು," ಎನ್ನುತ್ತ ಅತ್ತೆ ಮೊಣಕಾಲು ಹಿಡಿದುಕೊಂಡು, "ಯಪ್ಪಾ" ಎಂದು ನರಳಿ ಕಟ್ಟೆಯ ಮೇಲೆ ಕುಕ್ಕರು ಕೂತರು. ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿದರು. ಹುಡುಗಿಯ ಕೈ ಮೇಲಿಟ್ಟರು. ಬೆರಳಿಗೆ ಬೆರಳು ತಾಗಿತು.

"ಹುಷಾರು. ಭಾರ ಐತಿ."

ಹುಡುಗಿ ಓಡಿದಳು. ಸಾಹೇಬರು ಪೆಟ್ಟಿಗೆ ತೆಗೆಸಿದಾಗ ತುಂಡು ತನ್ನ ಜಾಗದಲ್ಲಿತ್ತು, ಅವಳ ನೌಕರಿಯೂ ಉಳಿಯಿತು.

ಅತ್ತೆ ಮಾತ್ರ ಹುಡುಗಿ ಆ ಕಡೆ ಹೋದದ್ದೇ ನೆಟ್ಟಗೆ ಬಚ್ಚಲಿಗೆ ನಡೆದರು. ಎಲ್ಲ ಮುಗಿಯಿತು, ಈಗ ಮೈಲಿಗೆ ತೊಳೆಯುವ ಜಳಕ! ನನಗೆ ಉರಿದುಹೋಯಿತು. ರೊಟ್ಟಿ ಬಡಿಯುತ್ತ, ಇವತ್ತು ಇವರನ್ನು ಊಟಕ್ಕೆ ಕರೆದರೆ ಕೇಳು ಎಂದುಕೊಂಡೆ. ಹೊರಬಂದ ಕೂಡಲೇ ಏನೇನು ಅನ್ನಬೇಕೆಂದು ಒಂದೊಂದಾಗಿ ಜೋಡಿಸಿಕೊಳ್ಳುತ್ತಿದ್ದೆ.

ಸ್ವಲ್ಪ ಹೊತ್ತಿಗೇ ಹೊರಬಂದರು. ಸೀರೆ ಅದೇ. ಕೂದಲು ಒಣಗಿದ್ದೇ ಇತ್ತು. ಅಡುಗೆ ಮನೆಗೆ ಬಂದು ನನ್ನ ಎದುರಿಗೆ ಗೋಡೆಗೊರಗಿ ಕೂತರು.

"ಯಾಕ್ರಿ, ಜಳಕ ಮಾಡಲಿಲ್ಲ?" ಎಂದೆ, ಬೇಕಂತಲೇ ಚುಚ್ಚಿ.

"ನೀರು ಕಾದಿಲ್ಲ," ಎಂದರು ಅತ್ತೆ, ನನ್ನ ಮುಖ ನೋಡದೆ. "ರೊಟ್ಟಿ ಹಾಕು."

ಹಾಕಿದೆ. ಕೈ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ ನೋಡಿದೆ. ತಾಮ್ರದ ಹಂಡೆಯಲ್ಲಿ ನೀರು ಕೊತಕೊತ ಕುದಿಯುತ್ತಿತ್ತು.